ಪಾರ್ಚ್‌ಮೆಂಟ್ ಬಣ್ಣದ ನಗು

ಮೊನ್ನೆ ಮೂಡಿಗೆರೆಯ ಬಸ್ ನಿಲ್ದಾಣದ ಹೋಟೆಲಿನಲ್ಲಿ ಕಾಫಿ ಕುಡಿದ ಮುದುಕರೊಬ್ಬರು ಎದ್ದು ಹೋಗಿ, ನಲ್ಲಿಯ ಬಳಿ ಬಗ್ಗಿ, ಬಾಯಿ ತುಂಬ ನೀರು ಹಿಡಿದು ಗಳಗಳನೆ ಮುಕ್ಕಳಿಸಿದರು. ಪಕ್ಕದ ಮೇಜಿನವರು ಮುಖ ಸಿಂಡರಿಸಿದರು. ನಾನು ಮಾತ್ರ ಲೋಟ ಕೆಳಗಿಟ್ಟು ಕೇಳುತ್ತ ಕೂತೆ. ಆ ಸದ್ದು ಕಿವಿಗೆ ಬಿದ್ದು ಎಷ್ಟು ವರ್ಷವಾಗಿತ್ತು! ಕಳಸದ ಪೇಟೆಬೀದಿಯಲ್ಲಿ, ನಮ್ಮ ದಿನಸಿ ಅಂಗಡಿಯ ಹಿಂದಿದ್ದ ಮನೆಯಲ್ಲಿ, ದಿನಕ್ಕೆ ಮೂರು ಸಲ ಆ ಸದ್ದು ಏಳುತ್ತಿತ್ತು. ಕಾಫಿ ಲೋಟ ಬರಿದಾದೊಡನೆ ಅಜ್ಜಿ ಹಿತ್ತಲ ಬಾಗಿಲಿಗೆ ನಡೆದು, ಮುಕ್ಕಳಿಸಿ, ನೀರನ್ನು ಕೆಂಪು ದಾಸವಾಳದ ಬುಡಕ್ಕೆ ಉಗಿಯುತ್ತಿದ್ದಳು. ಆ ಗಿಡ ಸೂರಿನ ಎತ್ತರಕ್ಕೆ ಬೆಳೆದಿತ್ತು. ಕಾಫಿ ಕುಡಿದು ಕೊಬ್ಬಿದ ದಾಸವಾಳ ಎಂದು ಅಪ್ಪ ಹೇಳುತ್ತಿದ್ದರು.

ಎಪ್ಪತ್ತು ದಾಟಿದ್ದ ಅಜ್ಜಿಯ ಬಾಯಲ್ಲಿ ಮೂವತ್ತೊಂದು ಹಲ್ಲುಗಳಿದ್ದವು. ನಾನು ಎರಡು ಸಲ ಎಣಿಸಿದ್ದೆ, ಎರಡು ಸಲವೂ ಮೂವತ್ತೊಂದೇ. ಎಣಿಸುವುದು ನನ್ನ ಚಾಳಿ. ಪ್ರತಿ ಹೊಸ ವರ್ಷಕ್ಕೆ ಸೋಪಿನ ಏಜೆಂಟರು ಅಂಗಡಿಗೆ ಕೊಡುತ್ತಿದ್ದ ಡೈರಿ ನನ್ನ ಪಾಲಿಗೆ ಬರುತ್ತಿತ್ತು. ಬೀದಿಯಲ್ಲಿ ನಿಂತ ಜೀಪುಗಳೆಷ್ಟು, ಅಪ್ಪ ತಿಂದ ಕಡುಬುಗಳೆಷ್ಟು, ಶಾಂತತ್ತೆ ನಕ್ಕದ್ದೆಷ್ಟು ಸಲ, ಎಲ್ಲವೂ ಅದರಲ್ಲಿ ಗೀಟುಗಳಾಗಿ ನಿಲ್ಲುತ್ತಿದ್ದವು. ಶಾಂತತ್ತೆ ಅಪ್ಪನ ಕಿರಿಯ ತಂಗಿ. ನಡುಮನೆಯ ಕಿಟಕಿಯ ಬಳಿ ಹೊಲಿಗೆ ಯಂತ್ರ ಹಾಕಿಕೊಂಡು ಊರಿನವರ ರವಿಕೆ ಹೊಲಿಯುತ್ತಿದ್ದಳು. ಅವಳು ನಕ್ಕರೆ ಗೋಡೆಯಾಚೆಗಿನ ಅಂಗಡಿಯಲ್ಲಿ ಬೇಳೆ ಕಟ್ಟಿಸಿಕೊಳ್ಳುತ್ತಿದ್ದವರೂ ಕಾರಣ ತಿಳಿಯದೆ ನಗುತ್ತಿದ್ದರು. ಮನೆಯಲ್ಲಿ ರೇಡಿಯೊ ಕೆಟ್ಟಿದ್ದರೂ ಯಾರಿಗೂ ಬೇಸರವಾಗದಿದ್ದುದು ಆ ನಗುವಿನಿಂದ.

ಆ ನಗುವಿಗೆ ಕೈ ಅಡ್ಡ ಬರುವಂತೆ ಮಾಡಿದವಳು ನಾನು. ೧೯೯೭ರಲ್ಲಿ, ಆರನೇ ತರಗತಿಯಲ್ಲಿ, ಹಲ್ಲಿನ ಪಾಠವಾದ ವಾರ ಮನೆಯವರೆಲ್ಲರ ಹಲ್ಲಿನ ಬಣ್ಣದ ಪಟ್ಟಿ ಮಾಡಿದೆ. ಅಳತೆಗೆ, ಬಿಳುಪಿನಿಂದ ಕಪ್ಪಿನತ್ತ, ನಮ್ಮ ಕಡೆಯ ನಾಲ್ಕು ವಸ್ತುಗಳು: ಮೊದಲು ಕಾಫಿ ಹೂ, ಆಮೇಲೆ ತೆಂಗಿನ ತಿರುಳು, ಮೂರನೆಯದು ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಮಾಸಲು ಹಳದಿಯ ಪಾರ್ಚ್‌ಮೆಂಟ್ ಕಾಫಿ, ಕೊನೆಯದು ಸಿಪ್ಪೆಸಮೇತ ಒಣಗಿ ಕಪ್ಪಾದ ಚೆರಿ. ಭಾನುವಾರ ಸಾಮಾನು ಬರೆಸಲು ಬಂದಿದ್ದ, ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಒಳಗೆ ಕೂತು ಕಾಫಿ ಕುಡಿಯುತ್ತಿದ್ದಾಗ, ಮೆಚ್ಚುಗೆಯ ಆಸೆಯಿಂದ ಪಟ್ಟಿಯನ್ನು ಗಟ್ಟಿಯಾಗಿ ಓದಿದೆ. "ಅಜ್ಜಿ, ತೆಂಗಿನ ತಿರುಳು. ಶಾಂತತ್ತೆ, ಪಾರ್ಚ್‌ಮೆಂಟ್."

"ಪಾರ್ಚ್‌ಮೆಂಟಾ?" ರೈಟರ್ ತೊಡೆ ತಟ್ಟಿದರು. "ಹಂಗಾದ್ರೆ ಮೂಟೆ ಕಟ್ಟಿ, ನಾಳೆ ಲಾರಿಯಲ್ಲಿ ಹೊಟ್ಟು ತೆಗೆಸೋಕೆ ಕ್ಯೂರಿಂಗಿಗೆ ಕಳಿಸ್ಬಿಡುವ!"

ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು, ಆದರೆ ಅವಳ ಎಡಗೈ ಮೇಲೆ ಬಂದು ಬಾಯಿ ಮುಚ್ಚಿತು. ಆ ಕೈ ಮರುದಿನವೂ ಇಳಿಯಲಿಲ್ಲ. ವಾರದ ಕೊನೆಗೆ ನನ್ನ ಡೈರಿಯಲ್ಲಿ ನಗುವಿನ ಗೀಟುಗಳು ಮೂರಕ್ಕೆ ಇಳಿದಿದ್ದವು. ಮೂರೂ ಅಂಗೈಯ ಹಿಂದಿನವು. ಅಂಗಡಿಯಲ್ಲಿ ಯಾರೂ ಸುಮ್ಮಸುಮ್ಮನೆ ನಗುತ್ತಿರಲಿಲ್ಲ.

ಅಜ್ಜಿ ನನ್ನನ್ನು ಹಿತ್ತಲಿಗೆ ಕರೆದಳು. ಬೈಯಲಿಲ್ಲ. "ಪಟ್ಟಿ ಮಾಡಿದವಳು ನೀನು. ಇನ್ನು ನಲವತ್ತೆಂಟು ದಿನ ನಾನು ಹೇಳಿದ್ದನ್ನ ಬರಿ. ಆಮೇಲೆ ಅದೇ ಜನರ ಮುಂದೆ ಪಟ್ಟಿ ಮತ್ತೆ ಓದು" ಎಂದಳು. ಅತ್ತೆಯನ್ನೂ ಕೂರಿಸಿ ತನ್ನ ಕಟ್ಟಳೆಗಳನ್ನು ಹೇಳಿದಳು. ಅತ್ತೆ ಬೆಲ್ಲದ ಕಾಫಿಯನ್ನು ಯಂತ್ರದ ಪಕ್ಕದಲ್ಲಿಟ್ಟುಕೊಂಡು ಗಂಟೆಗಟ್ಟಲೆ ಗುಟುಕರಿಸುತ್ತಿದ್ದಳು. ಅಂಗಡಿಯ ಗಾಜಿನ ಭರಣಿಯ ಪೆಪ್ಪರ್‌ಮಿಂಟು ದಿನವಿಡೀ ಅವಳ ಕೆನ್ನೆಯೊಳಗಿರುತ್ತಿತ್ತು. "ಕಾಫಿ ಕುಡಿ, ಬೇಡ ಅನ್ನೋದಿಲ್ಲ. ಆದ್ರೆ ಹಲ್ಲನ್ನ ಕಾಫಿಯಲ್ಲಿ ನೆನೆ ಹಾಕ್ಬೇಡ ಮಾರಾಯ್ತಿ. ಸಿಹಿ ಬೇಕಾದ್ರೆ ಊಟದ ಜೊತೆ ತಿನ್ನು. ಎರಡು ಊಟದ ಮಧ್ಯೆ ಬಾಯಿಗೂ ಸ್ವಲ್ಪ ರಜೆ ಕೊಡು." ಬೆಳಿಗ್ಗೆ ರೊಟ್ಟಿಗೆ ಎಳ್ಳಿನ ಚಟ್ನಿಪುಡಿ, ಮಧ್ಯಾಹ್ನ ಸೊಪ್ಪು, ಮೊಳಕೆ ಹೆಸರು, ಕೊನೆಗೆ ಮಜ್ಜಿಗೆ. ಸಂಜೆ ಪೆಪ್ಪರ್‌ಮಿಂಟಿನ ಬದಲು ಕಚ್ಚಿ ಅಗಿಯಬೇಕಾದ ಪೇರಳೆಯೋ ಮುಳ್ಳುಸೌತೆಯೋ. ಏನು ತಿಂದರೂ, ಏನು ಕುಡಿದರೂ ಮುಕ್ಕಳಿಸುವುದು. ಅಜ್ಜಿ ಯಾವ ಪುಸ್ತಕವನ್ನೂ ಓದಿದವಳಲ್ಲ. ತಾನು ಬದುಕಿದ್ದನ್ನೇ ಹೇಳಿದಳು, ಆ ಮೂವತ್ತೊಂದು ಹಲ್ಲುಗಳು ಅವಳ ಪರವಾಗಿ ಸಾಕ್ಷಿ ನುಡಿಯುತ್ತಿದ್ದವು. ಅವಳೂ ಮಗಳ ಜೊತೆ ಕೂತು ಅದನ್ನೇ ತಿಂದಳು. ಪೇರಳೆಯನ್ನು ಅವಳು ಕಚ್ಚುವ ಸದ್ದು ನಡುಮನೆಯವರೆಗೆ ಕೇಳುತ್ತಿತ್ತು.

ಅಜ್ಜಿ ಹೇಳಿದಂತೆ ನಾನು ಅತ್ತೆಯ ನಗುವಿಗೆ ಎರಡು ಅಂಕಣ ಹಾಕಿದೆ: 'ಕೈ ಅಡ್ಡ', 'ಕೈ ಬಿಟ್ಟು'. ಎರಡನೆಯದು ಖಾಲಿಯಾಗಿಯೇ ಉಳಿಯಿತು. ಹದಿನೇಳನೇ ದಿನ ಅತ್ತೆ ಮಜ್ಜಿಗೆಯ ಲೋಟ ಬಾಯಿಗಿಟ್ಟವಳು ಹಾ ಎಂದು ಕೆಳಗಿಟ್ಟುಬಿಟ್ಟಳು. ಬೇಗ ಬೆಳ್ಳಗಾಗಲೆಂದು ಅವಳು ನಾಲ್ಕು ದಿನದಿಂದ ಯಾರಿಗೂ ಹೇಳದೆ ಕಂಚಿಹುಳಿ ಹಚ್ಚಿ, ಮೇಲೆ ಬೂದಿಯಿಂದ ತಿಕ್ಕಿದ್ದಳು. ತಣ್ಣಗಿನದು ತಾಗಿದರೆ ಜುಮ್ಮೆನ್ನುವಂತೆ ಹಲ್ಲೆಲ್ಲ ಚಳಿತುಹೋಗಿತ್ತು. ಅವಳ ಕಣ್ಣಲ್ಲಿ ನೀರು ಕಂಡದ್ದು ನನಗೆ ಅದೇ ಮೊದಲು. "ಈ ಹುಡುಗಿ ಮತ್ತೆ ಪಟ್ಟಿ ಓದ್ತಾಳಲ್ಲಮ್ಮ, ಅಷ್ಟರಲ್ಲಿ ಒಂದು ಮೆಟ್ಲಾದ್ರೂ ಹತ್ತಬೇಕಿತ್ತು ನಂಗೆ" ಎಂದಳು. ನನ್ನ ಪೆನ್ಸಿಲು ಎಂದೂ ಅಷ್ಟು ಭಾರವಾಗಿರಲಿಲ್ಲ.

ಅಜ್ಜಿ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. "ಹುಳಿ ಹಚ್ಚಿ ತಿಕ್ಕಿದ್ರೆ ಮೇಲಿನ ಪದರ ಸವೆದು ಹೋಗ್ತದೆ. ಬೆಳ್ಳಗಿದ್ದ ಮಾತ್ರಕ್ಕೆ ಗಟ್ಟಿಯಾ? ನಿನ್ನ ಹಲ್ಲು ಹುಟ್ಟಿದ ಬಣ್ಣವೇ ಇದು, ನಿಮ್ಮಪ್ಪಂದೂ ಇದೇ. ನಾವು ನೋಡ್ಕೊಳ್ತಿರೋದು ಹುಳುಕು ಬರಬಾರ್ದು ಅಂತ." ಬೂದಿ ಅಂದೇ ಒಲೆಗೆ ಹಿಂತಿರುಗಿತು. ಅಲ್ಲಿಂದಾಚೆ ಅತ್ತೆ ಅಜ್ಜಿಯ ಮಾತು ಮೀರಲಿಲ್ಲ. ಚಳಿತ ಹತ್ತು ದಿನಕ್ಕೆ ಬಿಟ್ಟಿತು. ಮೊದಲಿನಿಂದಲೂ ಊದಿಕೊಂಡು ಬ್ರಷ್ ಮುಟ್ಟಿದರೆ ರಕ್ತ ಬರುತ್ತಿದ್ದ ವಸಡು ಬಿಗಿಯಾಯಿತು. ಹೊಲಿಗೆ ದಾರವನ್ನು ಅವಳು ಮತ್ತೆ ಹಲ್ಲಿನಿಂದಲೇ ಕತ್ತರಿಸತೊಡಗಿದಳು.

ನಲವತ್ತೆಂಟನೇ ದಿನಕ್ಕೆ ಸರಿಯಾಗಿ ತೋಟಗಳಲ್ಲಿ ಹೂ ಬಿಟ್ಟಿತ್ತು. ಅಜ್ಜಿ ರೈಟರಿಗೆ ಹೇಳಿ ಕಳಿಸಿ, ಬರುವಾಗ ಒಂದು ರೆಂಬೆ ಕಾಫಿ ಹೂ ತರಲೂ ಹೇಳಿದ್ದಳು. ಅದೇ ಜಾಗದಲ್ಲಿ ಅದೇ ಜನ ಕೂತರು. ನಾನು ಹೂವನ್ನು ಎಲ್ಲರ ಹಲ್ಲಿನ ಪಕ್ಕ ಹಿಡಿದು ನೋಡಿದೆ. ಅಜ್ಜಿಯ ಹಲ್ಲೂ ಅದರ ಮುಂದೆ ಮಂಕಾಗಿತ್ತು. "ಹೂವಿಂದು ಮೂರು ದಿನದ ಬಿಳುಪು ಕಣೆ. ನಂದು ಎಪ್ಪತ್ತು ವರ್ಷದ್ದು" ಎಂದಳು. ಅತ್ತೆಯ ಸರದಿ ಬಂತು. ಸುಳ್ಳು ಬರೆಯಲು ನನಗೆ ಬರುತ್ತಿರಲಿಲ್ಲ. "ಶಾಂತತ್ತೆ, ಪಾರ್ಚ್‌ಮೆಂಟ್" ಎಂದೆ.

ಅತ್ತೆಯ ಎಡಗೈ ಮಡಿಲಿನಿಂದ ಏಳುವುದನ್ನು ನಾನು ಕಂಡೆ.

"ರೈಟರ್ರೇ, ಚೆರಿ ಮೇಲೋ, ಪಾರ್ಚ್‌ಮೆಂಟ್ ಮೇಲೋ?" ಅಜ್ಜಿ ಕೇಳಿದಳು.

"ಪಾರ್ಚ್‌ಮೆಂಟೇ ಅಜ್ಜಿ. ಅದು ತೊಳೆದ ಮಾಲು ಅಲ್ವಾ?"

"ಹಾಗಾದ್ರೆ ಸ್ವಲ್ಪ ಬಾಯಿ ಬಿಡಿ. ಹುಡುಗಿ ನಿಮ್ಮದನ್ನೂ ಬರ್ಕೊಳ್ಳಲಿ."

ಮೂವತ್ತು ವರ್ಷದ ಎಲೆಅಡಿಕೆಯ ಬಾಯನ್ನು ರೈಟರ್ ತಟಕ್ಕನೆ ಮುಚ್ಚಿಕೊಂಡರು, ತಮ್ಮ ಎರಡೂ ಕೈಗಳಿಂದ. "ಚೆರಿ!" ಎಂದು ಅತ್ತೆ ಕೂಗಿದಳು. ಏಳುತ್ತಿದ್ದ ಕೈ ನೆಲಕ್ಕೆ ಬಡಿಯಿತು. ಅವಳು ನಕ್ಕ ನಗುವಿಗೆ ಅಂಗಡಿಯಲ್ಲಿದ್ದ ಅಪ್ಪ ತಕ್ಕಡಿ ಬಿಟ್ಟು ಒಳಗೆ ಬಂದರು. ರೈಟರೂ ನಕ್ಕರು, ಕೈ ತೆಗೆದು. "ಸೋತೆ ತಾಯಿ, ಆವತ್ತು ಹಾಗೆ ಅನ್ನಬಾರ್ದಿತ್ತು" ಎಂದರು. 'ಕೈ ಬಿಟ್ಟು' ಅಂಕಣದಲ್ಲಿ ನಾನು ಎಳೆದ ಗೀಟಿಗೆ ಕಾಗದ ಹರಿದಿದೆ. ಈಗಲೂ ಆ ಪುಟ ತೆಗೆದರೆ ಆ ಸೀಳು ಹಾಗೆಯೇ ಇದೆ.

ಅಜ್ಜಿ ಹೋಗಿ ಐದು ವರ್ಷವಾಯಿತು. ಕೊನೆಯ ಎಣಿಕೆಯಲ್ಲಿ ಇಪ್ಪತ್ತೊಂಬತ್ತು ಹಲ್ಲುಗಳಿದ್ದವು. ನಮ್ಮದು ಬಾಡಿಗೆ ಮನೆ. ಅಂಗಡಿ ಮುಚ್ಚಿದ ಮೇಲೆ ಅದನ್ನು ಕೆಡವಿ ಯಾತ್ರಿಕರ ಲಾಡ್ಜ್ ಕಟ್ಟಿದ್ದಾರೆ. ದಾಸವಾಳ ಇದ್ದಲ್ಲಿ ಈಗ ಜೀಪು ನಿಲ್ಲಿಸುತ್ತಾರೆ. ಶಾಂತತ್ತೆ ಮಲ್ಲಂದೂರಿನ ಸೊಸೆಯಾಗಿ, ಅಲ್ಲಿಯೂ ಕಿಟಕಿಯ ಬಳಿ ಯಂತ್ರ ಹಾಕಿಕೊಂಡು ಹೊಲಿಯುತ್ತಾಳೆ.

ಮೊನ್ನೆ ಹೋಟೆಲಿನಿಂದ ಹೊರಬಂದವಳೇ ಅವಳಿಗೆ ಫೋನ್ ಮಾಡಿ, ಮುಕ್ಕಳಿಸಿದ ಮುದುಕರ ವಿಷಯ ಹೇಳಿದೆ. "ಅಯ್ಯೋ, ಪಾಪ, ದಾಸವಾಳವಾದ್ರೂ ಇತ್ತೇನೆ ಅಲ್ಲಿ?" ಎಂದವಳು ನಕ್ಕಳು. ಫೋನಿನಲ್ಲಿ ಕೈ ಎಲ್ಲಿದೆಯೆಂದು ಕಾಣುವುದಿಲ್ಲ. ಆದರೆ ಅಂಗೈಯ ಹಿಂದಿನ ನಗು ಹೇಗೆ ಕೇಳಿಸುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಇದು ಅದಾಗಿರಲಿಲ್ಲ. ಬಸ್ಸಿನಲ್ಲಿ ಕೂತು, ಈಗಲೂ ಚೀಲದಲ್ಲಿಟ್ಟುಕೊಂಡಿರುವ ಆ ಹಳೆಯ ಡೈರಿ ತೆಗೆದು, 'ಕೈ ಬಿಟ್ಟು' ಅಂಕಣದಲ್ಲಿ ಒಂದು ಗೀಟು ಎಳೆದೆ.