ವಿರೂಪಾಕ್ಷ ಎಂಬ ಪದದ ಅರ್ಥ

ಇದು ಎರಡು ವರ್ಷಗಳ ಹಿಂದಿನ ಶ್ರಾವಣ ಮಾಸದಲ್ಲಿ ನಡೆದದ್ದು. ಆಗ ನನಗೆ ಎಪ್ಪತ್ನಾಲ್ಕು ತುಂಬಿತ್ತು. ಹಾನಗಲ್ಲಿನ ನಮ್ಮ ಓಣಿಯ ಈಶ್ವರ ದೇವಸ್ಥಾನದಲ್ಲಿ ಶ್ರಾವಣದ ತಿಂಗಳಿಡೀ ಸಂಜೆ ಪುರಾಣ ನಡೆಯುತ್ತದೆ. ಒಬ್ಬರು ಪದ್ಯವನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅದರ ಅರ್ಥವನ್ನು ಬಿಡಿಸಿ ಹೇಳುತ್ತಾರೆ. ಪ್ರೌಢಶಾಲೆಯಲ್ಲಿ ಕನ್ನಡ ಮತ್ತು ಸಂಸ್ಕೃತ ಕಲಿಸಿ ನಿವೃತ್ತನಾದ ನಾನು, ನೌಕರಿಯಲ್ಲಿದ್ದಾಗಿನಿಂದಲೂ ಅರ್ಥ ಹೇಳುವ ಸೇವೆಯನ್ನು ಈಶ್ವರನ ಕೃಪೆಯಿಂದ ಮಾಡಿಕೊಂಡು ಬಂದವನು.

ನನ್ನ ಮುಖದ ಬಗ್ಗೆ ಇಲ್ಲಿ ಹೇಳಲೇಬೇಕು. ನಾಲ್ಕನೆಯ ವಯಸ್ಸಿನಲ್ಲಿ ಬಂದ ಸಿಡುಬು ಮುಖದ ತುಂಬ ಕಲೆಗಳನ್ನು ಬಿಟ್ಟುಹೋಯಿತು. ಎಡಗಣ್ಣಿನ ಮೇಲೆ ಬಿಳಿಯ ಪೊರೆ ಉಳಿಯಿತು. ಶಾಲೆಯಲ್ಲಿ ಹುಡುಗರು ಬೆನ್ನ ಹಿಂದೆ 'ಜರಡಿ ಮಾಸ್ತರ' ಎನ್ನುತ್ತಿದ್ದುದು ನನಗೆ ಗೊತ್ತಿತ್ತು. ಆದರೆ ಪುರಾಣದ ಕಟ್ಟೆಯ ಮೇಲೆ ಕುಳಿತವನ ಮುಖವನ್ನು ಯಾರೂ ನೋಡುವುದಿಲ್ಲ, ಮಾತನ್ನಷ್ಟೇ ಕೇಳುತ್ತಾರೆ ಎಂದು ಬಹುಕಾಲ ನಂಬಿದ್ದೆ.

ಆ ವರ್ಷ ನಮ್ಮ ಹಳೆಯ ಓದುಗರ ಗಂಟಲು ಕೆಟ್ಟಿತು. ದೇವಸ್ಥಾನದ ಹಿರಿಯರಾದ ಕಿರಾಣಿ ಅಂಗಡಿಯ ಶೇಖಪ್ಪನವರು ಹಿರೇಕೆರೂರಿನಿಂದ ಮಹಾಂತೇಶನೆಂಬ ಮೂವತ್ತರ ತರುಣನನ್ನು ಓದಲು ಕರೆತಂದರು. ಅಲ್ಲಿಯ ಒಂದು ಬಟ್ಟೆ ಅಂಗಡಿಯಲ್ಲಿ ಅವನಿಗೆ ಕೆಲಸ. ಎತ್ತರದ ನಿಲುವು, ಗೋದಿ ಬಣ್ಣ, ತಿದ್ದಿದಂಥ ಮೂಗು. ವಿಭೂತಿ ಧರಿಸಿ ಕುಳಿತರೆ ದೀಪದ ಬೆಳಕೆಲ್ಲ ಅವನನ್ನೇ ಹುಡುಕಿಕೊಂಡು ಬರುವಂತೆ ತೋರುತ್ತಿತ್ತು. ಕಂಠವೂ ಇತ್ತು. ಆದರೆ ನಮ್ಮ ಹಳೆಯವರ ಕಂಠದ ಮುಂದೆ ಅದು ಸಾಧಾರಣ.

ಮೊದಲ ದಿನ ನಲವತ್ತು ಜನ ಇದ್ದರು. ವಾರ ಕಳೆಯುವುದರೊಳಗೆ ಅಂಗಳದಲ್ಲಿ ಚಾಪೆ ಸಾಲದಾಯಿತು. ಎಲ್ಲರೂ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದರು. ಅವುಗಳಲ್ಲೊಂದನ್ನು ನನ್ನ ಮೊಮ್ಮಗಳು ಸಹನಾ ತೋರಿಸಿದಳು. ಅದರಲ್ಲಿ ನನ್ನದೆಂದು ಇದ್ದದ್ದು ಒಂದು ಮೊಣಕೈ.

ಎರಡನೆಯ ವಾರ ಶೇಖಪ್ಪನವರು ಮನೆಗೆ ಬಂದರು.

"ಮಾಸ್ತರ್ರ, ತಪ್ಪ ತಿಳ್ಕೋಬ್ಯಾಡ್ರಿ. ಅರ್ಥಾನೂ ಮಹಾಂತೇಶನ ಹೇಳಲಿ, ನೀವು ಬರದು ಕೊಡ್ರಿ. ನಿಮಗೂ ವಯಸ್ಸಾತು, ಕುಂತು ಕುಂತು ನಡಾ ನೋಯತೈತಿ."

"ನನ್ನ ನಡಾ ಚಲೋ ಐತಿ, ಶೇಖಪ್ಪ."

"ನಡಾ ಚಲೋ ಐತ್ರಿ. ಮಂದಿ ಬರೂದು ಮಾರಿ ನೋಡಾಕ್ರಿ, ಏನ್ ಮಾಡೂದು?"

ಮುಖದ ಮಾತು ಆಡಿದ ಮೇಲೆ ಅದರ ಅರ್ಥ ಅವರಿಗೇ ಹೊಳೆದಿರಬೇಕು. ಚಹಾ ಕುಡಿಯದೆ ಚಪ್ಪಲಿ ಹುಡುಕಿಕೊಂಡು ಹೊರಟರು.

ಬರೆದು ಕೊಟ್ಟೆ. ದೈವಸೇವೆ ಎಂದು ಮನಸ್ಸಿಗೆ ಹೇಳಿಕೊಂಡೆ. ಆದರೆ ಸಂಜೆ ಜನರ ನಡುವೆ ಕುಳಿತು ನನ್ನ ಮಾತುಗಳನ್ನು ಅವನ ಬಾಯಿಂದ ಕೇಳುವುದು ಬೇರೆಯೇ ಸಂಗತಿಯಾಗಿತ್ತು. ನಾನು ಹೇಳುವಾಗ ವರ್ಷಗಟ್ಟಲೆ ಕಂಬಕ್ಕೊರಗಿ ಗೊರಕೆ ಹೊಡೆದ ಗಂಗವ್ವ ಈಗ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಏನ್ ಶಾಣ್ಯಾ ಅದಾನ ನೋಡವ್ವ. ಇಷ್ಟ ದಿನಾ ಹಿಂಗ ಯಾರೂ ಬಿಡಿಸಿ ಹೇಳಿದ್ದಿಲ್ಲ," ಎಂದು ಪಕ್ಕದವಳಿಗೆ ಹೇಳಿದಳು. ಹಿಂದಿನ ಶ್ರಾವಣದಲ್ಲಿ ಅದೇ ಕಟ್ಟೆಯ ಮೇಲೆ, ಅದೇ ಶಬ್ದಗಳಲ್ಲಿ, ನಾನೇ ಅದನ್ನು ಹೇಳಿದ್ದೆ.

ಮನೆಗೆ ಬಂದು ಸಹನಾಳ ಮುಂದೆ ಇದನ್ನು ತೋಡಿಕೊಂಡೆ. ಅವಳು ಕಾಲೇಜಿನಲ್ಲಿ ಮನಃಶಾಸ್ತ್ರ ಓದುತ್ತಿದ್ದಾಳೆ.

"ಅಜ್ಜಾ, ಇದು ನಮ್ಮ ಪಾಠದಾಗ ಐತಿ," ಎಂದಳು. "ನೋಡಾಕ ಚಂದ ಇದ್ದವರನ್ನ ಮಂದಿ ಶಾಣ್ಯಾರು, ಒಳ್ಳ್ಯಾರು ಅಂತ ತಾವ ತಿಳ್ಕೊಂಡಬಿಡ್ತಾರ. ಸಣ್ಣ ಕೂಸೂ ಚಂದನ ಮಾರಿನ ಜಾಸ್ತಿ ಹೊತ್ತು ನೋಡತೈತಂತ. ಮೊದಲ ಕಣ್ಣು ಒಪ್ಪತೈತಿ, ಆಮ್ಯಾಲ ಬುದ್ಧಿ ಕಾರಣ ಹುಡಕತೈತಿ."

"ಹಂಗಾರ ನನ್ನ ಮಾತು?"

"ಮಾತು ನಿನ್ನೂವ ಅಜ್ಜಾ. ಮಾರಿ ಮಹಾಂತೇಶ ಅವರದು."

ಶಾಸ್ತ್ರ ತಿಳಿದ ಮಾತ್ರಕ್ಕೆ ಹೊಟ್ಟೆಕಿಚ್ಚು ಆರಲಿಲ್ಲ. ಬೆಳಗಿನ ಪೂಜೆಯಲ್ಲಿ ಬಿಲ್ವಪತ್ರೆ ಏರಿಸುವಾಗಲೂ ಆ ಮೂಗು, ಆ ಹಣೆ ಕಣ್ಣ ಮುಂದೆ ಬರುತ್ತಿದ್ದವು. ಪಂಚಾಕ್ಷರಿ ಜಪಕ್ಕೆ ಕುಳಿತರೆ ಒಂದೊಂದು ಮಣಿಗೆ ಅವನದೊಂದು ದೋಷವನ್ನು ಎಣಿಸುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ; ಆದರೆ ನಡೆದದ್ದು ಹೀಗೆ.

ಮಹಾಂತೇಶ ಹಾಳೆ ಒಯ್ಯಲು ದಿನವೂ ಮನೆಗೆ ಬರುತ್ತಿದ್ದ. ಒಮ್ಮೆ ಬಾಗಿಲಲ್ಲೇ ನಿಂತು ಕೇಳಿದ: "ಮಾಸ್ತರ್ರ, ಒಂದೀಟು ಸಮಾಸ ಹೇಳಿ ಕೊಡ್ತೀರೇನ್ರಿ?"

"ನಿನಗ್ಯಾಕಪ್ಪ ಅದು? ನೀ ಸುಮ್ನ ಕುಂತ್ರೂ ಮಂದಿ ನೋಡ್ತಾರ."

ಅವನು ತಲೆ ತಗ್ಗಿಸಿ ನಕ್ಕ. "ಅಂಗಡ್ಯಾಗೂ ಹಂಗ ಅಂತಾರ್ರಿ. ಗೊಂಬಿ ಬಾಜೂಕ ನಿಲ್ಲಸ್ತಾರ. ನಾ ಮಾತಾಡಿದ್ರ, ಏ ನೀ ಸುಮ್ನ ನಿಂದರೋ ಅಂತಾರ."

ಅದರೊಳಗಿನ ನೋವು ಅಂದು ನನಗೆ ಕೇಳಿಸಲಿಲ್ಲ. ರಟ್ಟು ಹರಿದ ಹಳೆಯ ಸಂಸ್ಕೃತ ನಿಘಂಟೊಂದನ್ನು ಬೇಡಿದ. ಪೀಡೆ ಕಳೆದರೆ ಸಾಕೆಂದು ಕೊಟ್ಟು ಕಳಿಸಿದೆ.

ಮುಕ್ತಾಯದ ದಿನಕ್ಕೆ ಸವಣೂರಿನಿಂದ ಒಬ್ಬ ಪಂಡಿತರು ಬರುವುದೆಂದು ನಿಶ್ಚಯವಾಯಿತು. ಅವರು ಪಾಠಶಾಲೆಯಲ್ಲಿ ನನ್ನ ಸಹಪಾಠಿ. ತಪ್ಪು ಅರ್ಥ ಕಿವಿಗೆ ಬಿದ್ದರೆ ಸಭೆಯೆಂದೂ ನೋಡದೆ ಎದ್ದು ನಿಂತು ತಿದ್ದುವ ಸ್ವಭಾವ ಅವರದು. ಅಂದಿನ ಪದ್ಯದಲ್ಲಿ ಈಶ್ವರನಿಗೆ 'ವಿರೂಪಾಕ್ಷ' ಎಂಬ ಹೆಸರಿತ್ತು. ಹಾಳೆಯ ಮೇಲೆ ನಾನು ಬರೆದೆ: 'ವಿರೂಪಾಕ್ಷನೆಂದರೆ ಅತಿ ಸುಂದರವಾದ ಕಣ್ಣುಗಳುಳ್ಳವನು.' ಅಕ್ಷರಗಳು ಎಂದಿಗಿಂತ ದುಂಡಗೆ ಬಂದವು.

ಆ ಸಂಜೆ ಮಹಾಂತೇಶ ಪದ್ಯ ಓದಿ ಮುಗಿಸಿ ಹಾಳೆ ಬಿಡಿಸಿದ. ಪಂಡಿತರು ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ನಾನು ಕಂಬದ ಮರೆಯಲ್ಲಿದ್ದೆ. ಅವನು ಹಾಳೆಯನ್ನು ನೋಡಿದ, ನನ್ನನ್ನು ನೋಡಿದ, ಹಾಳೆಯನ್ನು ಮಡಿಸಿದ.

"ಹಿರಿಯರ, ಇಷ್ಟ ದಿನಾ ನಾ ಹೇಳಿದ್ದರಾಗ ಒಂದಕ್ಷರಾನೂ ನಂದಲ್ರಿ. ಎಲ್ಲಾ ಮಾಸ್ತರು ಬರದು ಕೊಟ್ಟಿದ್ದು. ಇವತ್ತಿನ ಪದದ ಅರ್ಥ ಅವರ ಬಾಯಿಂದನ ಕೇಳೂಣ್ರಿ."

ಸಭೆಯಲ್ಲಿ ಗುಜುಗುಜು ಎದ್ದಿತು. ಅವನೇ ಇಳಿದು ಬಂದು ನನ್ನ ಕೈ ಹಿಡಿದು ಕಟ್ಟೆಯ ಮೇಲೆ ಕೂಡಿಸಿದ, ದೀಪವನ್ನು ನನ್ನ ಕಡೆಗೆ ಸರಿಸಿದ. ಅಷ್ಟೂ ಜನ ನನ್ನ ಮುಖವನ್ನೇ ನೋಡುತ್ತಿದ್ದರು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

"ವಿರೂಪ ಎಂದರೆ ಅಂದವಲ್ಲದ್ದು. ಅಕ್ಷಿ ಎಂದರೆ ಕಣ್ಣು," ಎಂದು ಮೆಲ್ಲಗೆ ಆರಂಭಿಸಿದೆ. "ಎಲ್ಲರ ಹಾಗಿಲ್ಲದ, ನೋಡಿದವರು ಬೆಚ್ಚುವಂಥ ಕಣ್ಣುಳ್ಳವನು. ಆ ಹೆಸರನ್ನೇ ಹಿಡಿದು ನಾವು ಅವನಿಗೆ ಕೈ ಮುಗಿಯುತ್ತೇವೆ."

ಕಂಬದ ಬಳಿಯಿಂದ ಗಂಗವ್ವನ ದನಿ ಬಂತು.

"ಹಂಗಾರ ನಮ್ಮ ಮಾಸ್ತರಂಗ ಅನ್ರಿ."

ಅಂಗಳವೆಲ್ಲ ನಕ್ಕಿತು. ಪಂಡಿತರೂ ಕಣ್ಣು ತೆರೆದು ನಕ್ಕರು. ಬದುಕಿನುದ್ದಕ್ಕೂ ಯಾವ ಮಾತಿಗೆ ಹೆದರಿದ್ದೆನೋ ಆ ಮಾತನ್ನು ಅವಳು ಈಶ್ವರನ ಎದುರಿಗೇ ಆಡಿಬಿಟ್ಟಿದ್ದಳು. ನನಗೂ ನಗು ಬಂತು. ಆಮೇಲೆ ಒಂದು ತಾಸು ಅರ್ಥ ಹೇಳಿದೆ. ಗಂಗವ್ವ ಅರ್ಧದಲ್ಲಿ ಗೊರಕೆ ಹೊಡೆದಳು.

ಪ್ರಸಾದ ಹಂಚಿದ ಮೇಲೆ ಮಹಾಂತೇಶ ಹಾಳೆಯನ್ನೂ ನಿಘಂಟನ್ನೂ ನನ್ನ ಕೈಗೆ ಕೊಟ್ಟ. "ಕಣ್ಣ ಮಬ್ಬಾಗಿ ನೀವು ಬರದದ್ದರಾಗ ಒಂದ ಕಡೆ ಕೈ ತಪ್ಪೇತ್ರಿ," ಎಂದಷ್ಟೇ ಹೇಳಿ, ಕಾಲು ಮುಟ್ಟಿ ನಮಸ್ಕರಿಸಿ, ಹಿರೇಕೆರೂರಿನ ಬಸ್ಸಿಗೆ ಅವಸರದಿಂದ ನಡೆದ.

ಮನೆಯಲ್ಲಿ ಹಾಳೆ ಬಿಡಿಸಿದೆ. ನನ್ನ ದುಂಡಗಿನ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ, ಕಲಿಯುವವನ ಅಂಕುಡೊಂಕು ಅಕ್ಷರಗಳಲ್ಲಿ ಬರೆದಿತ್ತು: 'ವಿರೂಪಾಣಿ ಅಕ್ಷೀಣಿ ಯಸ್ಯ ಸಃ. ಬಹುವ್ರೀಹಿ.' ವಿರೂಪವಾದ ಕಣ್ಣುಗಳು ಯಾರಿಗುಂಟೋ ಅವನು ಎಂದರ್ಥ. ಈಶ್ವರನಿಗೆ ಕಣ್ಣು ಮೂರಾದ್ದರಿಂದ ದ್ವಿವಚನ ಬಿಟ್ಟು ಬಹುವಚನ ಹಾಕಿದ್ದ. ನಾನು ಕಲಿಸಲೊಪ್ಪದ ಸಮಾಸವನ್ನು ಆ ಹರಿದ ನಿಘಂಟಿನ ಆಸರೆಯಿಂದ ತಾನೇ ತಡಕಾಡಿ ಬಿಡಿಸಿದ್ದ. ಸರಿಯಾದ ಅರ್ಥ ಅವನ ಕೈಯಲ್ಲೇ ಇತ್ತು. ಅದನ್ನು ಹೇಳಿದ್ದರೆ ಪಂಡಿತರು ಎಲ್ಲರೆದುರು ಅವನ ಬೆನ್ನು ತಟ್ಟುತ್ತಿದ್ದರು. ಅದನ್ನು ಬಿಟ್ಟು ಅವನು ನನಗೆ ನನ್ನ ಜಾಗವನ್ನು ಮರಳಿ ಕೊಟ್ಟಿದ್ದ.

ಜನ ಅವನ ಮುಖ ನೋಡಿ ಜಾಣನೆಂದರು. ನಾನು ಅದೇ ಮುಖ ನೋಡಿ ಟೊಳ್ಳೆಂದೆ. ಗಂಗವ್ವನಿಗಿಂತ ನಾನು ಹೆಚ್ಚೇನೂ ಓದಿದವನಲ್ಲ ಎಂದು ಅಂದು ತಿಳಿಯಿತು.

ಈಗ ಅಂಗಡಿಗೆ ರಜೆಯಿದ್ದ ದಿನ ಅವನು ನಮ್ಮ ಮನೆಗೆ ಬರುತ್ತಾನೆ, ಸಮಾಸ ಕಲಿಯುತ್ತಾನೆ. ಶ್ರಾವಣದಲ್ಲಿ ಅವನು ಓದುತ್ತಾನೆ, ನಾನು ಅರ್ಥ ಹೇಳುತ್ತೇನೆ. ಹಾಳೆಯ ಆ ತಪ್ಪು ಅರ್ಥ ಕೈ ತಪ್ಪಿದ್ದಲ್ಲ, ಬೇಕೆಂದೇ ಬರೆದದ್ದು ಎಂಬುದನ್ನು ಅವನೆದುರು ಬಾಯಿ ಬಿಟ್ಟು ಹೇಳಲು ಇಂದಿಗೂ ನನ್ನಿಂದಾಗಿಲ್ಲ. ಅವನೂ ಕೇಳಿಲ್ಲ. ಅಚ್ಚಾದ ಮೇಲಾದರೂ ಓದಲಿ ಎಂದು ಇಲ್ಲಿ ಬರೆದಿದ್ದೇನೆ.

ಹೊಟ್ಟೆಕಿಚ್ಚು ಪೂರ್ತಿ ಹೋಯಿತು ಎಂದರೆ ಸುಳ್ಳಾಗುತ್ತದೆ. ಆ ಹಾಳೆ ಪೂಜೆಯ ಪುಸ್ತಕದೊಳಗಿದೆ. ಒಮ್ಮೊಮ್ಮೆ ತೆಗೆದು ನೋಡುತ್ತೇನೆ. ಅವನ ಮುಖ ಈಗ ನನ್ನನ್ನು ಸುಡುವುದಿಲ್ಲ. ಬರೆದಿಟ್ಟುಕೊಂಡೂ ಹೇಳದೆ ಉಳಿಸಿದ ಆ ಪೆನ್ಸಿಲಿನ ಸಾಲು ಸುಡುತ್ತದೆ.