ಚಿಂತಾಮಣಿ ಬಸ್ ಸ್ಟ್ಯಾಂಡಿನ ಹೊಸ ದನಿ

ಚಿಂತಾಮಣಿಯ ಖಾಸಗಿ ಬಸ್ ಸ್ಟ್ಯಾಂಡಿನಲ್ಲಿ ಇನ್ನೂ ಮಬ್ಬು. ಹೂವಿನ ಮೂಟೆಗಳು ಇಳಿಯುತ್ತಿವೆ, ಟೀ ಅಂಗಡಿಯ ಸ್ಟೌವ್ ಈಗಷ್ಟೇ ಭುಸುಗುಡುತ್ತಿದೆ. ಕಂಬಕ್ಕೆ ಒರಗಿ ನಿಂತ ಒಬ್ಬರು ತುಟಿ ಮುಚ್ಚಿಕೊಂಡು ‘ಮ್... ಮ್...’ ಅನ್ನುತ್ತಿದ್ದಾರೆ. ಒಂದು ಕೈ ಹೊಟ್ಟೆಯ ಮೇಲಿದೆ. ಗೊತ್ತಿಲ್ಲದವರು ನೋಡಿದರೆ ಹೊಟ್ಟೆನೋವೇನೋ ಅಂದುಕೊಳ್ಳಬೇಕು.

ಇವರು ಮುನಿನಾರಾಯಣಪ್ಪ. ಬಸ್ಸು ಹೋಗುವ ಊರುಗಳ ಹೆಸರು ಕೂಗಿ ಜನರನ್ನು ಹತ್ತಿಸುವುದು ಇವರ ಕೆಲಸ. ಬಸ್ಸಿನವರು ಏಜೆಂಟ್ ಅನ್ನುತ್ತಾರೆ, ಹಳ್ಳಿಯವರಿಗೆ ‘ಕೂಗೋರು’. ‘ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಎಕ್ಕಂಡಮ್ಮಾ ಎಕ್ಕಂಡಿ’ ಎಂದು ಕನ್ನಡಕ್ಕೆ ‘ಹತ್ತಿ’ ಅನ್ನುವ ತೆಲುಗು ಕಲಸಿ ಒಂದೇ ಉಸಿರಿಗೆ ಇವರು ಕೂಗುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಆಚೆ ಬೀದಿಯಲ್ಲಿ ಸಾಮಾನು ಕೊಳ್ಳುತ್ತಿದ್ದವರೂ ಕೇಳಿಸಿಕೊಂಡು ಓಡಿ ಬರುತ್ತಿದ್ದರು. ಆ ದನಿ ಕಳೆದ ಮಳೆಗಾಲದಲ್ಲಿ ಒಡೆಯಿತು, ಆಮೇಲೆ ಬರೀ ಗಾಳಿಯಾಯಿತು, ಒಂದು ಬೆಳಗ್ಗೆ ನಿಂತೇ ಹೋಯಿತು.

ದನಿ ಇಲ್ಲದಿದ್ದರೆ ಈ ಕೆಲಸವೂ ಇಲ್ಲ. ಕಂಡಕ್ಟರ್ ನಲ್ಲಪ್ಪ ಆಗಲೇ ಒಂದು ಸ್ಪೀಕರ್ ಡಬ್ಬ ತಂದಿಟ್ಟಿದ್ದಾರೆ. ಗುಂಡಿ ಒತ್ತಿದರೆ ಯಾವುದೋ ಹುಡುಗಿ ಊರುಗಳ ಹೆಸರು ಹೇಳುತ್ತಾಳೆ. ‘ಸಂಕ್ರಾಂತಿವರೆಗೂ ನೋಡಣ ಕಣಪ್ಪ. ನಿನ್ನ ದನಿಗೆ ಜನ ಹತ್ತಬೇಕು, ಇಲ್ಲಾಂದ್ರೆ ಡಬ್ಬಾನೇ ಗತಿ’ ಎಂದು ಹೇಳಿಯೂ ಆಗಿದೆ.

ಆಸ್ಪತ್ರೆಯಲ್ಲಿ ಗಂಟಲೊಳಗೆ ಸಣ್ಣ ಕ್ಯಾಮೆರಾ ಬಿಟ್ಟು ನೋಡಿದರಂತೆ. ಪರದೆಯ ಮೇಲೆ ಕಂಡದ್ದನ್ನು ಇವರು ಇನ್ನೂ ಅರಗಿಸಿಕೊಂಡಿಲ್ಲ. ‘ಎರಡು ಬಿಳೀ ಪದರ ಅಣ್ಣ. ಉಸಿರು ಎಳ್ಕೊಂಡ್ರೆ ಬಾಗಿಲು ತೆಗೆದಂಗೆ ದೂರ ಹೋಗ್ತವೆ. ಆ ಅಂದ್ರೆ ಹತ್ರ ಬಂದು ಅದುರ್ತವೆ. ಹೆಬ್ಬೆಟ್ಟಿನ ಉಗುರಷ್ಟಿವೆ. ಇಷ್ಟು ವರ್ಷ ಕೂಗಿದ್ದು ಅವಾ?’ ಗುದ್ದಲಿ ಹಿಡಿದ ಅಂಗೈಯಲ್ಲಿ ಏಳುತ್ತದಲ್ಲ, ಅಂಥ ಜಡ್ಡು ಆ ಪದರಗಳ ಅಂಚಿಗೆ ಕಟ್ಟಿತ್ತು.

ಮಾತಾಡಬೇಡಿ ಅಂದರು. ಮುನಿನಾರಾಯಣಪ್ಪ ಮಾತಾಡಲಿಲ್ಲ, ಪಿಸುಗುಟ್ಟಿದರು. ಮನೆಯಲ್ಲಿ, ಟೀ ಅಂಗಡಿಯಲ್ಲಿ, ಕೊನೆಗೆ ಪ್ರಯಾಣಿಕರ ಕಿವಿಗೆ ಬಾಗಿ ‘ಶಿಡ್ಲಘಟ್ಟ’ ಅಂತ. ಏನಯ್ಯ ಇವನು ಗುಟ್ಟು ಹೇಳ್ತಾನೆ ಎಂದು ಹೆಂಗಸರು ಬೈದರಂತೆ. ಎರಡು ವಾರ ಬಿಟ್ಟು ಹೋದರೆ ಗಂಟಲು ಇನ್ನಷ್ಟು ಕೆಂಪು. ದನಿಯ ಅಭ್ಯಾಸ ಮಾಡಿಸುವ ಅಪೇಕ್ಷಾ ಮೇಡಂ ತಲೆ ಚಚ್ಚಿಕೊಂಡರು. ಹಾಗೆ ಒತ್ತಿ ಒತ್ತಿ ಪಿಸುಗುಟ್ಟಿದರೆ ಗಂಟಲು ಬಿಗಿಯುತ್ತದೆ, ಅದಕ್ಕೆ ವಿಶ್ರಾಂತಿ ಸಿಗುವುದಿಲ್ಲವಂತೆ. ‘ಕೂಗಿದ್ರೂ ತಪ್ಪು, ಮೆತ್ತಗಂದ್ರೂ ತಪ್ಪು! ಏನು ಮಾಡ್ಲಿ ಹೇಳಿ’ ಎಂದು ಇವರು ಈಗಲೂ ಕೇಳುತ್ತಾರೆ.

ಅಲ್ಲಿಂದ ಗೊಂದಲ ಹೆಚ್ಚಿತೇ ಹೊರತು ಇಳಿಯಲಿಲ್ಲ. ದನಿ ಗಂಟಲಲ್ಲಿ ಹುಟ್ಟುತ್ತದೆ, ಆದರೆ ಗಂಟಲು ಬಿಗಿದು ಕೂಗಬಾರದು. ಗಾಳಿ ಎದೆಗೆ ಹೋಗುತ್ತದೆ, ಆದರೆ ಏಳಬೇಕಾದದ್ದು ಹೊಟ್ಟೆ. ಬಾಯಿ ತೆರೆದು ಮಾಡುವ ಕೆಲಸವನ್ನು ಬಾಯಿ ಮುಚ್ಚಿ ಕಲಿಯಬೇಕು. ಮಲಗಿ, ಹೊಟ್ಟೆಯ ಮೇಲೆ ಟವಲ್ ಮಡಚಿಟ್ಟು, ಅದು ಏಳುತ್ತದಾ ಇಳಿಯುತ್ತದಾ ಎಂದು ನೋಡುತ್ತಿದ್ದರೆ ಹೆಂಡತಿ ವರಲಕ್ಷ್ಮಮ್ಮ ಸುಮ್ಮನಿರುತ್ತಾರೆಯೇ?

‘ಹೊಟ್ಟೆಗೆ ಮುದ್ದೆ ಹಾಕೋದು ಗೊತ್ತಿತ್ತು. ಗಾಳಿ ಹಾಕೋದು ಇವತ್ತೇ ನೋಡಿದ್ದು.’

‘ಗಾಳಿ ಹೊಟ್ಟೆಗೆ ಹೋಗಲ್ಲ ಕಣೇ. ಎದೆ ಕೆಳಗೆ ಛತ್ರಿ ಥರ ಒಂದು ಮಾಂಸದ ಪದರ ಐತಂತೆ. ಅದು ಕೆಳಕ್ಕೆ ಒತ್ತಿದ್ರೆ ಹೊಟ್ಟೆ ಮುಂದೆ ಬರ್ತದೆ.’

‘ನೋಡ್ಕೊಂಡು ಬಂದ್ರಾ?’

‘ಮೇಡಂ ಹೇಳಿದ್ರು.’

ನನಗೂ ಅರ್ಥವಾಗದೆ ಕೇಳಿದೆ. ಗಾಳಿ ಎದೆಯದು, ದನಿ ಆ ಪದರಗಳದ್ದು, ಹಾಗಾದರೆ ‘ಶಿಡ್ಲಘಟ್ಟ’ ಅನ್ನುವುದು ಯಾರಪ್ಪ? ‘ಅದು ನಾಲಿಗೆ, ಅಂಗುಳು ಸೇರಿ ಮಾಡೋದಂತೆ ಅಣ್ಣ. ಶಿಡ್ಲಘಟ್ಟಕ್ಕೆ ತುಟಿ ಮುಟ್ಟಲ್ಲ, ಅಂದು ನೋಡಿ. ಚಿಕ್ಕಬಳ್ಳಾಪುರಕ್ಕೆ ಮುಟ್ತದೆ. ಒಳಗೆ ಇಷ್ಟು ಜನ ದುಡೀತಿದ್ರು. ನಾನು ಮಾತ್ರ ನಾನೇ ಕೂಗ್ತಿದೀನಿ ಅಂದ್ಕೊಂಡಿದ್ದೆ.’ ಇಬ್ಬರೂ ಎರಡೂ ಊರಿನ ಹೆಸರು ಹೇಳಿ ನೋಡಿದೆವು. ನಿಜವೇ.

ಜಡ್ಡು ಈಗ ಕರಗುತ್ತಿದೆ. ಸ್ವಲ್ಪ ಸ್ವಲ್ಪ ಕೂಗಲು ಅಪ್ಪಣೆ ಸಿಕ್ಕಿ ಇದು ಮೊದಲ ವಾರ. ದನಿ ಬಂದಿದೆ, ಹಳೆಯದಲ್ಲ. ತೆಳ್ಳಗೆ, ನುಣ್ಣಗೆ ಏನೋ ಒಂದು. ‘ಇದು ನನ್ನದೋ ಬೇರೆಯವರದೋ ನನಗೇ ತಿಳೀತಿಲ್ಲ. ಕಮಲಮ್ಮ ಇದನ್ನ ನಂಬಿ ಹತ್ತಿದ್ರೆ ಸಾಕು’ ಅನ್ನುತ್ತಾರೆ.

ಕೆಂಚಾರ್ಲಹಳ್ಳಿಯ ಕಮಲಮ್ಮ ರೇಷ್ಮೆಗೂಡು ಬೆಳೆಯುವವರು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗುವಾಗ ಇಲ್ಲಿ ಬಸ್ಸು ಬದಲಿಸುತ್ತಾರೆ. ಕಣ್ಣಿಗೆ ಪೊರೆ ಬಂದು ಬೋರ್ಡು ಕಾಣುವುದಿಲ್ಲ, ದನಿ ಹಿಡಿದೇ ಹತ್ತುವುದು. ಇವರು ಮೂಕರಾಗಿದ್ದಾಗ ಒಂದು ದಿನ ಆಯಮ್ಮ ಕೋಲಾರದ ಬಸ್ಸು ಹತ್ತಿಬಿಟ್ಟರು, ಗೂಡಿಗೆ ಆವತ್ತಿನ ಹರಾಜು ತಪ್ಪಿತು. ಬಸ್ಸಿನ ಹಿಂದೆ ಓಡಿದರೂ ಇವರ ಬಾಯಿಂದ ಹೊರಟದ್ದು ಗಾಳಿ ಮಾತ್ರ.

ಈ ಬೆಳಗ್ಗೆ ಕಮಲಮ್ಮ ಬಂದಿದ್ದಾರೆ, ಗೂಡಿನ ಚೀಲದ ಪಕ್ಕ ಕೂತಿದ್ದಾರೆ. ಮುನಿನಾರಾಯಣಪ್ಪ ನಿಧಾನವಾಗಿ ಉಸಿರೆಳೆದು ಕೂಗುತ್ತಾರೆ. ಜನ ಹತ್ತುತ್ತಾರೆ. ಕಮಲಮ್ಮ ತಲೆ ಎತ್ತುತ್ತಾರೆ, ಮೇಲೇಳುವುದಿಲ್ಲ.

‘ನೀನ್ಯಾರಪ್ಪ ಹೊಸಬ? ಮುನಿನಾರಾಯಣಪ್ಪ ಬರ್ಲಿಲ್ವಾ?’

‘ನಾನೇ ಕಣಮ್ಮ.’

‘ಹೋಗಪ್ಪ, ತಮಾಷೆ ಮಾಡ್ಬೇಡ. ಅವನು ಕೂಗಿದ್ರೆ ಕಿವಿ ಗುಂಯ್ ಅಂತದೆ.’

ಮುನಿನಾರಾಯಣಪ್ಪ ನನ್ನ ಮುಖ ನೋಡುತ್ತಾರೆ, ನಲ್ಲಪ್ಪನ ಮುಖ ನೋಡುತ್ತಾರೆ. ಮೊದಲಿನ ಹಾಗೆ ಒಂದೇ ಒಂದು ಸಲ ಕಿರುಚಿದರೆ ಆಯಮ್ಮ ನಂಬುತ್ತಾರೆ, ಗಂಟಲು ಮಾತ್ರ ಮತ್ತೆ ಹೋಗುತ್ತದೆ. ಕೈ ಹೊಟ್ಟೆಯ ಮೇಲೆ ಹೋಗುತ್ತದೆ. ಕಿರುಚುವುದಿಲ್ಲ. ‘ಶಿಡ್ಲಘಟ್ಟ ಕಣಮ್ಮ. ಡ್ರೈವರ್ ಹಿಂದಿನ ಸೀಟು, ಗೂಡಿಗೆ ಗಾಳಿ ಆಡ್ತದೆ. ಎಕ್ಕಂಡಮ್ಮಾ.’

ಕಮಲಮ್ಮ ದನಿ ಬಂದ ಕಡೆಗೆ ಕಿವಿ ತಿರುಗಿಸಿ, ಚೀಲ ಎತ್ತಿಕೊಳ್ಳುತ್ತಾರೆ. ‘ಯಾರಾದ್ರೂ ಆಗ್ಲಿ, ಒಳ್ಳೆಯವನಂಗೆ ಕಾಣ್ತೀಯ.’ ನಲ್ಲಪ್ಪ ಸ್ಪೀಕರ್ ಡಬ್ಬವನ್ನು ಸೀಟಿನ ಕೆಳಕ್ಕೆ ತಳ್ಳುತ್ತಾರೆ.

ಬಸ್ಸು ಹೊರಡುವಾಗ ಕಿಟಕಿಯಿಂದ ಆಯಮ್ಮನ ತಲೆ ಆಚೆ ಬರುತ್ತದೆ. ‘ಮುನಿನಾರಾಯಣಪ್ಪ ಸಿಕ್ಕಿದ್ರೆ ಹೇಳಪ್ಪ, ಕಮಲಮ್ಮ ಕೇಳಿದ್ಲು ಅಂತ.’

‘ಹೇಳ್ತೀನಮ್ಮ’ ಅನ್ನುತ್ತಾರೆ ಮುನಿನಾರಾಯಣಪ್ಪ.