ಎಲ್ಲರಿಗೂ ಕೈ ಕೊಡುವ ಅಣ್ಣ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಬಿಳಿ ಪುಡಿ ಹಾರುತ್ತಿದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡ ಕೈಯಣ್ಣ ಕೃತಕ ಕೈಯೊಂದರ ಹೆಬ್ಬೆರಳನ್ನು ಅರದಿಂದ ಉಜ್ಜುತ್ತಿದ್ದಾರೆ. ಗೋಡೆಯ ಮೊಳೆಗಳಲ್ಲಿ ಇನ್ನೂ ಒಂಬತ್ತು ಕೈಗಳು. "ಇದೆಲ್ಲಾ ನನ್ನದೇ ಕೈವಾಡ" ಎನ್ನುತ್ತಾರೆ.

ಬಡಗಿಯ ಮಗ. ಓದು ಏಳನೇ ಕ್ಲಾಸಿಗೆ ಮುಗಿಯಿತು. ಮೂವತ್ತೊಂದು ವರ್ಷದ ಕೆಲಸ. ಒಂದು ಕೈಗೆ ನಾಲ್ಕು ದಿನ. ಈವರೆಗೆ ಎರಡು ಸಾವಿರ ದಾಟಿದೆ. ಪುಡಿ ಕುಡಿದು ಕೆಮ್ಮು ಅಂಟಿದೆ. ಕಟ್ಟಡದ ಮುಂದಿನ ಕಲ್ಲಿನಲ್ಲಿ ಟೇಪು ಕತ್ತರಿಸಿದವರ ಹೆಸರುಗಳಿವೆ. ಇವರು ಇಂದಿಗೂ ಹಂಗಾಮಿ.

ಬಂದವರಿಗೆಲ್ಲ ಒಂದೇ ಸ್ವಾಗತ: "ಬನ್ನಿ, ನಾನು ಎಲ್ರಿಗೂ ಕೈ ಕೊಡೋನು." ಅವರು ಬೆಚ್ಚುತ್ತಾರೆ, ಗೋಡೆ ನೋಡುತ್ತಾರೆ, ನಗುತ್ತಾರೆ.

"ಮಾತೊಂದೇ, ಅರ್ಥ ಎರಡು. ಮೋಸದ್ದು ಮೊದ್ಲು ಕೇಳ್ಸುತ್ತೆ, ಆಮೇಲೆ ನಿಜವಾದ ಕೈ ಕಾಣ್ಸುತ್ತೆ. ಆ ನಡುವಿನ ಗಳಿಗೇಲೇ ನಗು ಇರೋದು."

ಕಳೆದ ತಿಂಗಳು ಆ ಮಾತೇ ಕೈಕೊಟ್ಟಿತು. ಬೇಕರಿಯ ಹಿಟ್ಟು ಕಲಸುವ ಮಿಷನ್ನಿಗೆ ಬಲಗೈ ಸಿಕ್ಕಿ ಕಳೆದುಕೊಂಡ ಹೆಂಗಸೊಬ್ಬರು ವಾರ್ಡಿನಲ್ಲೇ ಅಳತೆ ಕೊಟ್ಟಿದ್ದರು. ಇಲ್ಲಿಗೆ ಬಂದು ಈ ಸ್ವಾಗತ ಕೇಳಿದವರೇ ಎದ್ದು ಹೋದರು. ಅದರ ಹಿಂದಿನ ವಾರವಷ್ಟೇ ಗಂಡ ಬಿಟ್ಟುಹೋಗಿದ್ದ. (ಆ ಮಿಷನ್ನಿಗೆ ಇವತ್ತಿಗೂ ಮುಚ್ಚಳವಿಲ್ಲ.)

"ಒಂದರ್ಥ ಚುಚ್ಚಿಕೊಂಡಿರೋರಿಗೆ ಇನ್ನೊಂದು ಕೇಳ್ಸೋದೇ ಇಲ್ಲ. ನಂಗದು ಹೊಳೀಲಿಲ್ಲ ನೋಡಿ" ಎನ್ನುತ್ತಾರೆ ಕೈಯಣ್ಣ.

ಎರಡು ಸಲ ಹೇಳಿ ಕಳಿಸಿದರೂ ಆಕೆ ಬಂದಿಲ್ಲ. ಇಂದೂ ಬಾರದಿದ್ದರೆ ಕಚೇರಿ ಫೈಲು ಮುಚ್ಚುತ್ತದೆ. ಕೈಯಣ್ಣ ಉಜ್ಜುತ್ತಿರುವ ಹೆಬ್ಬೆರಳು ಆಕೆಯದೇ.

ಎಂಟಕ್ಕೆ ಬಾಗಿಲಲ್ಲಿ ನೆರಳು. ಆಕೆ! ಕೈಯಣ್ಣ "ಬನ್ನಿ" ಎಂದಷ್ಟೇ ಹೇಳಿ ತುಟಿ ಹೊಲಿದುಕೊಂಡು ಹೊಸ ಕೈಯ ಪಟ್ಟಿ ಬಿಡಿಸುತ್ತಾರೆ.

ಆಕೆಯೇ ಕೇಳುತ್ತಾರೆ: "ಏನಣ್ಣ, ಇವತ್ತು ಕೈ ಕೊಡಲ್ವಾ?"

"ಕೊಡ್ಲಾ, ತಾಯಿ?"

"ಕೊಡಿ. ಮಿಷನ್ನು ಕೈ ತಗೊಳ್ತು, ಗಂಡ ಕೈ ಕೊಟ್ಟ. ಅವ್ನು ಕೊಟ್ಟಿದ್ದು ಹಾಕ್ಕೊಳ್ಳೋಕೆ ಬರಲ್ಲ. ನಿಮ್ದಾದ್ರೂ ಹಾಕ್ಕೊಂಡು ನೋಡೋಣ."

ಮೊದಲು ನಗುವುದು ಆಕೆ. ಕೈಯಣ್ಣನ ನಗು ಕೆಮ್ಮಿನ ಜೊತೆ ಬರುತ್ತದೆ. ಪಟ್ಟಿ ಬಿಗಿಯುತ್ತದೆ.

ಆಕೆ ಹೊರಟ ಮೇಲೆ ಅರ ಒರೆಸಿಡುತ್ತಾ ಅವರು ಹೇಳುತ್ತಾರೆ: "ಇಷ್ಟು ಜನಕ್ಕೆ ಕೈ ಕೊಟ್ಟೂ ಬೀದೀಲಿ ತಲೆ ಎತ್ಕೊಂಡು ಓಡಾಡೋನು ನಾನೊಬ್ನೇ."